ಲೀಡರ್ ಮಾಣಿ

ಹೆಮ್ಮಾಡಿಯ ಸೆಖೆಯಲ್ಲಿ ಟೈ ಕಟ್ಟಿಕೊಂಡು ಓಡಾಡುವವರು ಎರಡೇ ಬಗೆ: ಇಂಗ್ಲಿಷ್ ಮೀಡಿಯಂ ಶಾಲೆಯ ಮಕ್ಕಳು ಮತ್ತು ಲೀಡರ್ ಮಾಣಿ. ಮೇ ತಿಂಗಳಲ್ಲಿ ಮಕ್ಕಳಿಗೆ ರಜೆ. ಲೀಡರ್ ಮಾಣಿಗೆ ಅದೇ ಸುಗ್ಗಿ. ಪಿಯುಸಿ ರಿಸಲ್ಟ್ ಬಂದಾಗಿರುತ್ತದೆ, ಡಿಗ್ರಿಯವರ ಓದು ಮುಗಿಯುತ್ತಾ ಬಂದಿರುತ್ತದೆ, ಮನೆಮನೆಯಲ್ಲಿ ‘ಇನ್ನೆಂತ ಮಾಡ್ತೆ?’ ಎಂಬ ಪ್ರಶ್ನೆ ಬೆಳಗಿನ ಗಂಜಿಯ ಜೊತೆಗೇ ಬಟ್ಟಲಿಗೆ ಬೀಳುತ್ತಿರುತ್ತದೆ. ಆ ಪ್ರಶ್ನೆಯ ವಾಸನೆ ಇವನ ಮೂಗಿಗೆ ತಲ್ಲೂರಿನಿಂದಲೇ ಬಡಿಯುತ್ತದೆ.

ಹೆದ್ದಾರಿ 66ರಿಂದ ಕೊಲ್ಲೂರಿನ ರಸ್ತೆ ಕವಲೊಡೆಯುವ ಕಡೆ ಅವನನ್ನು ನೀವು ಕಂಡೇ ಇರುತ್ತೀರಿ. ಬಿಳಿ ಅಂಗಿ, ಕಂಕುಳಲ್ಲಿ ರೆಕ್ಸಿನ್ ಫೋಲ್ಡರು, ಎರಡು ಫೋನು, ಪಕ್ಕದಲ್ಲೊಂದು ಕಾರು. ಕಾರು ಯಾರದ್ದೆಂದು ಕೇಳಬಾರದು. ವಯಸ್ಸು ಇಪ್ಪತ್ಮೂರು ದಾಟಿರಲಿಕ್ಕಿಲ್ಲ. ಎರಡು ವರ್ಷದ ಹಿಂದೆ ಇದೇ ಜಂಕ್ಷನ್ನಿನಲ್ಲಿ ಕಾಲೇಜು ಬಸ್ಸಿಗೆ ಕೈ ಅಡ್ಡ ಹಾಕುತ್ತಿದ್ದ ಮಾಣಿಯೇ. ಈಗ ಅವನ ಕಾರ್ಡಿನಲ್ಲಿ ‘ಬಿಸಿನೆಸ್ ಲೀಡರ್’ ಎಂದಿದೆ. ಎಂತ ಬಿಸಿನೆಸ್ಸು ಎಂಬುದು ಕಾರ್ಡಿನಲ್ಲಿಲ್ಲ, ಅವನ ಬಾಯಲ್ಲೂ ಇಲ್ಲ.

“ಹ್ವಾಯ್, ಎಲ್ಲಿದ್ದೆ ಮರಾಯಾ? ಒಂದು ಒಳ್ಳೆ ಅವಕಾಶ ಇತ್.”

“ಎಂತ ಕೆಲಸ?”

“ಫೋನಲ್ಲಿ ಹೇಳುವಂಥದ್ದಲ್ಲ. ನೀ ಬಾ ಕಾಂಬ. ಹತ್ತೇ ನಿಮಿಷ.”

ಆ ಹತ್ತು ನಿಮಿಷ ಭಾನುವಾರ ಮಧ್ಯಾಹ್ನ ಎರಡಕ್ಕೆ ಶುರುವಾಗಿ ಸಂಜೆ ಏಳರ ತನಕ ಎಳೆಯುತ್ತದೆ. ಅದಕ್ಕೆ ಮೊದಲು ‘ಇಂಟರ್‌ವ್ಯೂ’ ಆಗುತ್ತದೆ. ಸರಕಾರದ ಒಂದು ಹುದ್ದೆಗೆ ಸಾವಿರಗಟ್ಟಲೆ ಜನ ಅರ್ಜಿ ಹಾಕಿ ಕಾಯುವ ರಾಜ್ಯದಲ್ಲಿ, ಬಂದವರೆಲ್ಲರೂ ಪಾಸಾಗುವ ಇಂಟರ್‌ವ್ಯೂ ಇದೊಂದೇ. “ನಿನ್ನ ಕಣ್ಣಲ್ಲಿ ಏನೋ ಒಂದು ಹಸಿವು ಕಂಡಿತು” ಎಂದು ಸಂದರ್ಶಕರು ಹೇಳುತ್ತಾರೆ. ಊಟ ಬಿಟ್ಟು ಬಂದವನ ಕಣ್ಣಲ್ಲಿ ಇನ್ನೆಂತ ಕಾಣಬೇಕು?

ಸಭೆ ಕುಂದಾಪುರದಲ್ಲೋ ಉಡುಪಿಯಲ್ಲೋ, ಯಾವುದಾದರೊಂದು ಕಟ್ಟಡದ ಮಹಡಿಯ ಮೇಲೆ. ಕಿಟಕಿ ಮುಚ್ಚಿರುತ್ತದೆ, ಫೋನು ಸೈಲೆಂಟು. ಸಂಜೆ ನಾಲ್ಕು ಗಂಟೆಗೂ ಎಲ್ಲರೂ ‘ಗುಡ್ ಮಾರ್ನಿಂಗ್’ ಎಂದು ಕೂಗಬೇಕು. ನಮ್ಮ ಕಡೆಯವರಿಗೆ ಇದು ಅಷ್ಟೇನೂ ಹೊಸತಲ್ಲ, ಬಡಗುತಿಟ್ಟಿನ ಒಡ್ಡೋಲಗ ನೋಡಿಯೇ ಬೆಳೆದವರು. ಮೊದಲು ಕೋಡಂಗಿಗಳ ಹಾಗೆ ಸಿಲ್ವರ್‌ಗಳು ಬಂದು ಕುಣಿಯುತ್ತವೆ, ಅವುಗಳ ಬೆನ್ನಿಗೆ ಗೋಲ್ಡ್‌ಗಳು, ಚೆಂಡೆ ಏರಿದ ಮೇಲೆ ಪರದೆಯ ಹಿಂದಿನಿಂದ ಡೈಮಂಡು. ಡೈಮಂಡ್ ಸರ್ ಮಂಗಳೂರಿನಿಂದ ‘ನಿಮಗಾಗಿಯೇ’ ಬಂದಿದ್ದಾರೆ. ಮೊದಲು ಅವರೂ ಸೈಕಲ್ಲಿನಲ್ಲೇ ತಿರುಗುತ್ತಿದ್ದರಂತೆ. ಪರದೆಯ ಮೇಲೆ ಒಂದು ಚೆಕ್ಕಿನ ಫೋಟೋ ಬರುತ್ತದೆ. ಸೊನ್ನೆ ಎಣಿಸಲು ಶುರುಮಾಡುವ ಹೊತ್ತಿಗೆ ಫೋಟೋ ಹೋಗಿರುತ್ತದೆ, ಚಪ್ಪಾಳೆ ಬಂದಿರುತ್ತದೆ.

ಮಾಲು ಎಂತದ್ದು ಎಂದು ಕೇಳಿದವನಿಗೆ ಕೊನೆಯಲ್ಲಿ ತೋರಿಸುತ್ತಾರೆ. ನೋನಿ ಜ್ಯೂಸು, ಪ್ರೊಟೀನ್ ಪೌಡರು, ಆಯಸ್ಕಾಂತದ ಹಾಸಿಗೆ, ವರ್ಷಕ್ಕೊಂದು ಬದಲಾಗುತ್ತದೆ. ಅದು ಮುಖ್ಯವಲ್ಲ ಎಂದು ಅವರೇ ಹೇಳುತ್ತಾರೆ. ಇಡೀ ಸಂಜೆಯಲ್ಲಿ ನನಗೆ ಪೂರ್ತಿ ನಂಬಿಕೆ ಬಂದ ಮಾತು ಅದೊಂದೇ.

ಆಮೇಲೆ ನಿಜವಾದ ಕೆಲಸ: ಪಟ್ಟಿ. ಒಂದು ಬಿಳಿ ಹಾಳೆ ಕೊಟ್ಟು ನಿನಗೆ ಗೊತ್ತಿರುವ ನೂರು ಜನರ ಹೆಸರು ಬರೆ ಎನ್ನುತ್ತಾರೆ. ಹೊಸಬ ತಲೆ ಕೆರೆದುಕೊಂಡರೆ ಲೀಡರ್ ಮಾಣಿ ದಾರಿ ತೋರಿಸುತ್ತಾನೆ: “ಅಕ್ಕನ ಮದಿ ಕಾಗ್ದ ಯಾರ್ಯಾರಿಗೆ ಕೊಟ್ಟಿದ್ರಿ, ನೆನ್ಪ್ ಮಾಡ್.” ಅಲ್ಲಿಂದ ಪೆನ್ನು ನಿಲ್ಲುವುದಿಲ್ಲ. ವಂಡ್ಸೆಯ ಅತ್ತೆ, ತ್ರಾಸಿಯ ದೊಡ್ಡಮ್ಮ, ಬೆಂಗಳೂರಿನಲ್ಲಿ ಹೋಟೆಲಿಟ್ಟ ಮಾವ, ಕ್ರಿಕೆಟ್ ಟೀಮಿನ ಹನ್ನೊಂದು ಜನ, ಅಂಪೈರು. ಬರೆದ ಮೇಲೆ ಹೆಸರುಗಳ ಮುಂದೆ ಗುರುತು ಹಾಕಬೇಕು. ‘ಇಲ್ಲ’ ಎನ್ನಲಾರದವರಿಗೆ ಒಂದು, ಕೈಯಲ್ಲಿ ಕಾಸಿರುವವರಿಗೆ ಇನ್ನೊಂದು. ಪ್ರಶ್ನೆ ಕೇಳುವವರ ಹೆಸರನ್ನು ಹೊಡೆದುಹಾಕಬೇಕು. ಹೈಸ್ಕೂಲಿನ ಲೆಕ್ಕದ ಮಾಸ್ಟ್ರು ಯಾವ ಪಟ್ಟಿಯಲ್ಲೂ ಉಳಿದದ್ದನ್ನು ನಾನು ಕಂಡಿಲ್ಲ.

ಹೀಗೆ ಈ ವ್ಯಾಪಾರದ ಬಂಡವಾಳವೆಲ್ಲ ದಾಕ್ಷಿಣ್ಯದ್ದು. ತ್ರಾಸಿಯ ದೊಡ್ಡಮ್ಮ ಪೌಡರಿಗಾಗಿ ದುಡ್ಡು ಕೊಡುವುದಿಲ್ಲ, ಮಾಣಿಯ ಅಬ್ಬಿ ಬೇಸರ ಮಾಡಿಕೊಂಡಾಳು ಎಂದು ಕೊಡುತ್ತಾಳೆ. ಕೇಂದ್ರ ಸರಕಾರ 2021ರ ಡಿಸೆಂಬರಿನಲ್ಲಿ ನೇರ ಮಾರಾಟಕ್ಕೆಂದು ಹೊರಡಿಸಿದ ನಿಯಮಗಳಲ್ಲಿ ಒಂದು ಚೆಂದದ ಮಾತಿದೆ: ಮಾರುವವನು ಗುರುತಿನ ಚೀಟಿ ಇಲ್ಲದೆ, ಮೊದಲೇ ಸಮಯವನ್ನೋ ಒಪ್ಪಿಗೆಯನ್ನೋ ಪಡೆಯದೆ ಗ್ರಾಹಕರ ಮನೆಗೆ ಹೋಗುವಂತಿಲ್ಲ. ದೆಹಲಿಯಲ್ಲಿ ಕೂತು ಇದನ್ನು ಬರೆದವರಿಗೆ ದೊಡ್ಡಮ್ಮ ಇರಲಿಲ್ಲವೆಂದು ಕಾಣುತ್ತದೆ. ಹಿತ್ತಲ ಬಾಗಿಲಿನಿಂದ ಒಳಗೆ ಬಂದು, ನೇರ ಮೀನುಸಾರಿನ ಪಾತ್ರೆಯ ಮುಚ್ಚಳ ತೆಗೆಯುವ ಮಾಣಿ ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡು ಬಂದರೆ ಅವಳು ಮೊದಲು ದೃಷ್ಟಿ ತೆಗೆಯುತ್ತಾಳೆ.

ಸೇರುವುದಕ್ಕೆ ಶುಲ್ಕ ಕೀಳಬಾರದೆಂದು 2016ರ ಮಾರ್ಗಸೂಚಿಯಲ್ಲೇ ಇತ್ತು. ಲೀಡರ್ ಮಾಣಿ ಕಾನೂನು ಬಲ್ಲವನು, ಶುಲ್ಕ ಕೇಳುವುದೇ ಇಲ್ಲ. ‘ಕಿಟ್’ ತೆಗೆದುಕೋ ಎನ್ನುತ್ತಾನೆ. ಕಿಟ್ಟಿನ ಬೆಲೆ ಸಾಮಾನ್ಯವಾಗಿ ಅಬ್ಬಿಯ ಒಂದು ಬಳೆಗೆ ಸಮ. ಹುಡುಗ ಹಿಂದೆಮುಂದೆ ನೋಡುತ್ತಾನೆ. “ಅಪ್ಪಯ್ಯನತ್ರ ಕೇಂಡ್ ಹೇಳ್ತೆ.” ಇಡೀ ಧಂದೆಗೆ ಭಯವಿರುವುದು ಈ ಒಂದು ವಾಕ್ಯದ್ದು. ಅದಕ್ಕೆ ಉತ್ತರವನ್ನು ತರಬೇತಿಯಲ್ಲೇ ಬಾಯಿಪಾಠ ಮಾಡಿಸಿರುತ್ತಾರೆ. “ಅಪ್ಪಯ್ಯ ಇಷ್ಟ್ ವರ್ಷ ದುಡ್ದ್ ಎಂತ ಮಾಡ್ರ್? ನೀನೂ ಹಾಂಗೇ ಆಯ್ಕಾ?” ಹುಡುಗ ತಲೆ ತಗ್ಗಿಸುತ್ತಾನೆ. ಅಷ್ಟು ಹೊತ್ತಿಗೆ ಇನ್ನೊಬ್ಬ ಬಂದು ಕಿವಿಯ ಹತ್ತಿರ, ಆದರೆ ಎಲ್ಲರಿಗೂ ಕೇಳುವ ಹಾಗೆ, “ಎರಡೇ ಸೀಟ್ ಬಾಕಿ” ಎನ್ನುತ್ತಾನೆ. ಕಳೆದ ಭಾನುವಾರವೂ ಎರಡೇ ಬಾಕಿಯಿದ್ದವು. ಎದ್ದು ಹೋಗೋಣವೆಂದರೆ ಬಂದದ್ದು ಅವರ ಕಾರಿನಲ್ಲಿ. ಕೊನೆಯ ಬಸ್ಸಿನ ಹೊತ್ತು ಹತ್ತಿರವಾದಷ್ಟೂ ಸಹಿ ಹಾಕುವವರ ಸಂಖ್ಯೆ ಏರುತ್ತದೆ.

ಇಷ್ಟೆಲ್ಲ ಆದರೂ ಲೀಡರ್ ಮಾಣಿಯನ್ನು ಕಳ್ಳ ಎನ್ನಲು ನನಗೆ ಬಾಯಿ ಬರುವುದಿಲ್ಲ. ಅವನ ಮನೆಯ ಅಟ್ಟ ನೋಡಿದರೆ ನಿಮಗೂ ಬರಲಿಕ್ಕಿಲ್ಲ. ‘ಪಾಯಿಂಟ್’ ಇಳಿಯಬಾರದೆಂದು ತಿಂಗಳು ತಿಂಗಳು ತಾನೇ ಕೊಂಡ ಡಬ್ಬಿಗಳು ಅಲ್ಲಿ ತೊಲೆಯ ತನಕ ಪೇರಿಸಿವೆ. ತೆಂಗಿನಕಾಯಿಗೆ ಜಾಗವಿಲ್ಲವೆಂದು ಅಬ್ಬಿ ಕಾಯಿಗಳನ್ನು ಜಗಲಿಗೆ ಇಳಿಸಿದ್ದಾಳೆ. ತಾರೀಖು ಮೀರಿದ ಪೌಡರನ್ನು ದನದ ಅಕ್ಕಚ್ಚಿಗೆ ಹಾಕಿ ನೋಡಿದಳಂತೆ, ದನ ಮೂಸಿ ಮುಖ ತಿರುಗಿಸಿತು. ಆ ದನವನ್ನು ಯಾರೂ ಸಭೆಗೆ ಕರೆದಿರಲಿಲ್ಲ.

ಅಬ್ಬಿಯದ್ದೂ ವ್ಯಾಪಾರವೇ. ಗದ್ದೆಯಲ್ಲಿ ಸೇವಂತಿಗೆ ಬೆಳೆಸುತ್ತಾಳೆ. ಮಕರ ಸಂಕ್ರಮಣದ ಮಾರಣಕಟ್ಟೆ ಜಾತ್ರೆಗೆ ಹೆಮ್ಮಾಡಿ ಸೇವಂತಿಗೆಯೇ ಆಗಬೇಕು ಎನ್ನುವವರು ತಾವಾಗಿಯೇ ಹುಡುಕಿಕೊಂಡು ಬರುತ್ತಾರೆ. ಮಗ ಒಮ್ಮೆ ಅವಳಿಗೂ ಟ್ರೈನಿಂಗ್ ಕೊಡಲು ಹೋಗಿ, ಹೂ ಕೊಂಡವರನ್ನೆಲ್ಲ ಹೂ ಮಾರುವವರನ್ನಾಗಿ ಮಾಡಬೇಕು ಎಂದನಂತೆ. “ಎಲ್ಲರೂ ಮಾರುಕ್ ಕೂಕಂಡ್ರೆ ದೇವ್ರಿಗೆ ಮುಡ್ಸುದ್ ಯಾರ್ ಮಗಾ?” ಎಂದು ಕೇಳಿ ಅವಳು ಬುಟ್ಟಿ ಎತ್ತಿಕೊಂಡು ಹೋದಳು.

ಕಮಿಷನ್ನಿನ ಕೆಲಸವೆಂದರೆ ಕೀಳೆಂದು ನಾನು ಹೇಳುತ್ತಿಲ್ಲ. ಈ ಜಿಲ್ಲೆ ಎದ್ದು ನಿಂತದ್ದರಲ್ಲಿ ಅದರ ಪಾಲೂ ಇದೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಯೋಜನೆ ತಂದಾಗ, ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಲ್ಲಿ ಸಂಗ್ರಹಿಸಿದವರು ಕಮಿಷನ್ ಏಜೆಂಟರೇ. ಆ ಬ್ಯಾಂಕು 2020ರಲ್ಲಿ ಕೆನರಾದೊಳಗೆ ಸೇರಿಹೋಯಿತು. ಪಿಗ್ಮಿ ಮಾತ್ರ ಇನ್ನೂ ಊರೂರಿನ ಸೊಸೈಟಿಗಳಲ್ಲಿ ಉಳಿದುಕೊಂಡಿದೆ. ಜಂಕ್ಷನ್ನಿನ ಅಂಗಡಿಗಳಿಗೆ ದಿನಾ ಸಂಜೆ ಸ್ಕೂಟರಿನಲ್ಲಿ ಬರುವ ನಮ್ಮ ಪಿಗ್ಮಿ ಅಣ್ಣಯ್ಯನನ್ನು ಲೀಡರ್ ಮಾಣಿ ಒಂದು ದಿನ ಹೋಟೆಲಿನಲ್ಲಿ ಹಿಡಿದ.

“ಅಣ್ಣಯ್ಯ, ನಿಮ್ದೂ ಕಮಿಷನ್ನೇ, ನಮ್ದೂ ಕಮಿಷನ್ನೇ. ನೀವ್ ಒಬ್ರೇ ತಿರ್ಗುದ್. ನಮ್ಮಲ್ಲಿ ಆರ್ ಜನ ಸೇರ್ಸಿ ಸುಮ್ನೆ ಕೂಕಂಬುದ್. ಆ ಆರ್ ಜನ ತಲಾ ಆರ್ ಜನ ತತ್ರ್.”

ಅಣ್ಣಯ್ಯ ಚಾ ಲೋಟ ಬದಿಗಿಟ್ಟು, ರಶೀದಿಯ ಹಿಂಬದಿಯಲ್ಲಿ ಬರೆಯತೊಡಗಿದರು. ಆರು, ಮೂವತ್ತಾರು, 216, 1,296, 7,776, 46,656, 2,79,936. ಎಂಟನೇ ಸಾಲಿಗೆ 16,79,616 ಬಂತು. ಕನ್ನಡಕ ಸರಿಮಾಡಿಕೊಂಡು ಮಾಣಿಯ ಮುಖ ನೋಡಿದರು.

“2011ರ ಜನಗಣತಿಲಿ ಇಡೀ ಉಡುಪಿ ಜಿಲ್ಲೆಗೆ 11 ಲಕ್ಷದ 77 ಸಾವಿರ ಜನ ಮರಾಯಾ, ತೊಟ್ಲಾಗಿಪ್ಪು ಮಕ್ಕಳೂ ಸೇರಿ. ಬಾಕಿ ಐದ್ ಲಕ್ಷ ಎಲ್ಲಿಂದ ತತ್ತೆ? ಮರವಂತೆ ಕಡ್ಲಿಂದ್ಲಾ?”

ಹೋಟೆಲಿನಲ್ಲಿದ್ದವರೆಲ್ಲ ನಕ್ಕರು. ಲೀಡರ್ ಮಾಣಿ ನಗಲೂ ಇಲ್ಲ, ಅವನಿಗೆ ಅವಮಾನವೂ ಆಗಲಿಲ್ಲ. ನೆಗೆಟಿವ್ ಮಾತನ್ನು ಕಿವಿಯೊಳಗೆ ಬಿಟ್ಟುಕೊಳ್ಳಬಾರದೆಂಬುದು ಅವನಿಗಾದ ಮೊದಲ ಪಾಠ. ಫೋಲ್ಡರಿನಿಂದ ಒಂದು ಫಾರಂ ತೆಗೆದು ಮೇಜಿನ ಮೇಲಿಟ್ಟ.

“ಲೆಕ್ಕ ಇಷ್ಟ್ ಚೆಂದ ಬತ್ತಲ್ದಾ ಅಣ್ಣಯ್ಯ ನಿಮ್ಗೆ? ನಿಮ್ಮಂಥವ್ರೇ ನಮ್ಗೆ ಬೇಕಾಯಿಪ್ಪುದ್. ಒಂದ್ ಸಹಿ ಹಾಕಿ.”

“ಹಾಕ್ವ,” ಎಂದರು ಅಣ್ಣಯ್ಯ, ಚೀಲದಿಂದ ಮಿಷನ್ನು ಹೊರತೆಗೆಯುತ್ತಾ. “ಮೊದ್ಲ್ ನಿನ್ ಪಿಗ್ಮಿ ಕಟ್. ಮೂರ್ ತಿಂಗ್ಳ್ ಆಯ್ತ್.”