ಇನ್‌ಸ್ಪೆಕ್ಷನ್ ದಿನದ ಮಹಿಮೆ

ನರ್ಸಿಂಗ್ ಕಾಲೇಜುಗಳ ಬಗ್ಗೆ ಹಗುರವಾಗಿ ಮಾತಾಡುವವರು ಒಮ್ಮೆ ಇನ್‌ಸ್ಪೆಕ್ಷನ್ ದಿನ ಬಂದು ನೋಡಬೇಕು. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವ ದಾರಿಯಲ್ಲೋ ಕುರುಗೋಡಿನ ಆಸುಪಾಸಿನಲ್ಲೋ ಅಂಥದ್ದೊಂದು ಕಾಲೇಜು ಇದೆ ಅಂತಿಟ್ಟುಕೊಳ್ಳಿ. ನಿಯಮದ ಪ್ರಕಾರ ಅದಕ್ಕೆ ನೂರು ಹಾಸಿಗೆಯ ಸ್ವಂತ ಆಸ್ಪತ್ರೆ ಬೇಕು. ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳು, ಹತ್ತು ವಿದ್ಯಾರ್ಥಿಗಳಿಗೆ ಒಬ್ಬ ಬೋಧಕ. ನಿಯಮ ಬರೆದವರು ದಿಲ್ಲಿಯಲ್ಲಿದ್ದಾರೆ, ಹೆಸರು ಬದಲಾದರೂ ಜನ ಇನ್ನೂ ವಿಮ್ಸ್ ಅಂತಲೇ ಕರೆಯುವ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ರೋಗಿಗಳಿದ್ದಾರೆ. ಈ ಇಬ್ಬರನ್ನೂ ಒಂದೇ ದಿನ ಒಂದೇ ಕಟ್ಟಡದಲ್ಲಿ ಕೂಡಿಸುವುದು ಹುಡುಗಾಟವಲ್ಲ.

ಹಿಂದಿನ ಸಂಜೆಯೇ ಹಾಸಿಗೆಗಳು ಇಳಿಯುತ್ತವೆ. ದಿಂಬಿನ ಮೇಲಿನ ಶಾಮಿಯಾನ ಅಂಗಡಿಯ ಹೆಸರು ಗೋಡೆ ಕಡೆಗೆ ತಿರುಗುತ್ತದೆ. ಬೆಳಿಗ್ಗೆ ಟ್ರ್ಯಾಕ್ಸ್‌ನಲ್ಲಿ ರೋಗಿಗಳು ಬರುತ್ತಾರೆ. ಬಂದವರಿಗೆ ಮೊದಲು ಉಗ್ಗಾಣಿ ಮಿರ್ಚಿ, ಆಮೇಲೆ ಕಾಯಿಲೆ. ಹೊಟ್ಟೆ ಆಪರೇಷನ್ ಆದವರಿಗೆ ಮಿರ್ಚಿ ಬೇಡ ಎನ್ನುವಷ್ಟು ವೈದ್ಯಕೀಯ ಪ್ರಜ್ಞೆ ಸೂಪರಿಂಟೆಂಡೆಂಟರಿಗಿದೆ. ಅನುಭವಸ್ಥ ಅಜ್ಜಿಯೊಬ್ಬಳು ತಾನಾಗಿಯೇ ಹೇಳುತ್ತಾಳೆ: 'ಹೋದ್ಸಲ ಆ ಕಾಲೇಜ್ನಾಗ ಬಿಪಿ ಇತ್ತು, ಈ ಸಲ ಶುಗರ್ ಕೊಡ್ರಿ.' ಭತ್ತದ ನಾಟಿ ಕಾಲದಲ್ಲಿ ಇನ್‌ಸ್ಪೆಕ್ಷನ್ ತಂಡ ಬಂದರೆ ಮಾತ್ರ ಆಡಳಿತ ಮಂಡಳಿಗೆ ಕಷ್ಟ. ಗದ್ದೆಯ ಕೂಲಿ ಏರಿದರೆ ಕಾಯಿಲೆಯ ಕೂಲಿಯೂ ಏರಲೇಬೇಕಲ್ಲ!

ಬೋಧಕರ ಸಾಧನೆ ಇದಕ್ಕಿಂತ ದೊಡ್ಡದು. ಒಬ್ಬರೇ ಮೇಡಂ ಒಂದೇ ಮುಂಜಾನೆ ಎರಡು ತಾಲ್ಲೂಕಿನ ಹಾಜರಿ ಪುಸ್ತಕದಲ್ಲಿ ಇರಬಲ್ಲರು. ಈ ವಿದ್ಯೆ ನರ್ಸಿಂಗ್‌ನವರ ಸೊತ್ತು ಮಾತ್ರ ಎನ್ನುವಂತಿಲ್ಲ. 2025ರಲ್ಲಿ ಸಿಬಿಐ ದಾಖಲಿಸಿದ ಎಫ್‌ಐಆರ್‌ನಲ್ಲಿ ದೇಶದ ಕೆಲವು ಮೆಡಿಕಲ್ ಕಾಲೇಜುಗಳ ಮೇಲೆ ಇಲ್ಲದ ಬೋಧಕರನ್ನು, ಇಲ್ಲದ ರೋಗಿಗಳನ್ನು ತೋರಿಸಿದ ಆರೋಪವಿದೆ. ಹಾಜರಿ ಯಂತ್ರಕ್ಕೆ ನಕಲಿ ಬೆರಳು ಒತ್ತಿದ್ದರಂತೆ. ಅದೇ ವರ್ಷ ರಾಷ್ಟ್ರೀಯ ವೈದ್ಯಕೀಯ ಆಯೋಗ ಬೆರಳು ಬಿಟ್ಟು ಮುಖವನ್ನೇ ಕೇಳತೊಡಗಿತು, ಮುಖದ ಜೊತೆಗೆ ಜಿಪಿಎಸ್ ಕೂಡ. ಮುಖದ ವಿಷಯದಲ್ಲಿ ನಮ್ಮವರು ಏನು ಮಾಡುತ್ತಾರೋ ನೋಡಬೇಕು. ನನಗಂತೂ ಪೂರ್ತಿ ಭರವಸೆಯಿದೆ.

ವಿದ್ಯಾರ್ಥಿಗಳ ಕ್ಷೇಮಕ್ಕೂ ಏನೂ ಕಡಿಮೆಯಿಲ್ಲ. ಅವರ ಅಸಲಿ ಮಾರ್ಕ್ಸ್ ಕಾರ್ಡ್ ಕಾಲೇಜಿನ ಬೀರುವಿನಲ್ಲಿ ಭದ್ರ, ಫೀಸು ಪೂರ್ತಿ ಕಟ್ಟುವವರೆಗೆ ಇನ್ನೂ ಭದ್ರ. ಹೆರಿಗೆ ಮಾಡಿಸಿದ ಕೇಸ್ ಬುಕ್ ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ತವರಿನ ಬಳುವಳಿಯಂತೆ ಬರುತ್ತದೆ. ಅದರಲ್ಲೊಬ್ಬ ತಾಯಿ ಪ್ರತಿ ವರ್ಷವೂ ಅದೇ ತಿಂಗಳು, ಅದೇ ಎರಡೂಮುಕ್ಕಾಲು ಕಿಲೋದ ಗಂಡು ಮಗುವನ್ನು ಹೆರುತ್ತಾಳೆ. ತಾಯಿ, ಮಗು ಇಬ್ಬರೂ ಆರೋಗ್ಯವಾಗಿದ್ದಾರೆ. ಇಂಥ ಫಲಿತಾಂಶ ಯಾವ ಜಿಲ್ಲಾಸ್ಪತ್ರೆ ಕೊಟ್ಟೀತು?

ಮಾನ್ಯತೆ ಕೊಡುವವರು ಯಾರು ಎಂಬ ಪ್ರಶ್ನೆಯಿಂದಲೂ ಮಕ್ಕಳು ಬಹಳ ಕಲಿತಿದ್ದಾರೆ. ಕಾಲೇಜಿಗೆ ಮಾನ್ಯತೆ ಕೊಡುವ ಅಧಿಕಾರ ಭಾರತೀಯ ನರ್ಸಿಂಗ್ ಪರಿಷತ್ತಿಗಿಲ್ಲ ಎಂದು 2017ರಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿತು. ಪರಿಷತ್ತಿನ ಪಟ್ಟಿಯಲ್ಲಿ ಇಲ್ಲಿನ ಕಾಲೇಜುಗಳ ಹೆಸರೇ ಕಾಣದಾಯಿತು. ಹೊರರಾಜ್ಯದಲ್ಲಿ ಕೆಲಸ ಸಿಕ್ಕೀತೇ ಎಂದು ಕೇರಳದ ಹುಡುಗಿಯರು ಕಂಗಾಲಾದರು. 1947ರ ಹಳೆಯ ಕಾಯ್ದೆಯ ಜಾಗಕ್ಕೆ 2023ರಲ್ಲಿ ಹೊಸ ಆಯೋಗದ ಕಾಯ್ದೆ ಬಂತು. ಆಯೋಗ ಬಂದರೇನು, ತಂಡದ ಊಟಕ್ಕೆ ಕೋಳಿಯೋ ಪನೀರೋ ಎಂದು ಮೊದಲೇ ವಿಚಾರಿಸುವ ಪದ್ಧತಿಗೆ ಭಂಗ ಬರಲಾರದು.

ನನ್ನದೊಂದೇ ಸಲಹೆ. ನೋಂದಣಿಯಾದ ದಾದಿಯರಿಗೆ ದೇಶಕ್ಕೆಲ್ಲ ಒಂದೇ ಗುರುತಿನ ಸಂಖ್ಯೆ ಕೊಡುವ ವ್ಯವಸ್ಥೆಯಿದೆ. ಆ ಅಜ್ಜಿಗೂ ಒಂದು ಕೊಡಿಸಬೇಕು. ಬಿಪಿ, ಶುಗರ್, ಎರಡು ಸಲ ಕಾಲು ಮುರಿತ, ಒಂದು ಸಲ ಟೈಫಾಯ್ಡ್: ಕ್ಲಿನಿಕಲ್ ಅನುಭವದಲ್ಲಿ ಆಕೆ ಫೈನಲ್ ಇಯರ್‌ನವರಿಗಿಂತ ಬಹಳ ಮುಂದಿದ್ದಾಳೆ. ಬೋಧಕರ ಪಟ್ಟಿಯಲ್ಲೂ ಎರಡು ಜಾಗ ಖಾಲಿ ಇವೆಯಂತೆ.