ಡಾಕ್ಟರ್ ಓಡಿಸಿದ ಕಾರು

ಸೆಕೆಂಡ್ ಹ್ಯಾಂಡ್ ಕಾರು ಮಾರುವವರ ಮಾತು ಕೇಳಿದರೆ, ನಾಡಿನ ಹಳೇ ಕಾರುಗಳನ್ನೆಲ್ಲ ಡಾಕ್ಟರುಗಳೇ ಓಡಿಸಿದ್ದಾರೆ ಅನ್ನಿಸುತ್ತದೆ. ಅದೂ ಭಾನುವಾರ ಮಾತ್ರ, ದೇವಸ್ಥಾನಕ್ಕೆ. ಮೀಟರಿನಲ್ಲಿ ಮೂವತ್ತು ಸಾವಿರ ಕಿಲೋಮೀಟರು. ಬ್ರೇಕ್ ಪೆಡಲಿನ ರಬ್ಬರು ಮಾತ್ರ ಅಜ್ಜಿಯ ಹವಾಯಿ ಚಪ್ಪಲಿಯ ಹಾಗೆ ಸವೆದಿರುತ್ತದೆ! ಮೀಟರು ಹಿಂದಕ್ಕೆ ತಿರುಗಿಸುವ ಪುಣ್ಯಾತ್ಮರಿಗೆ ರಬ್ಬರು ಬದಲಿಸುವಷ್ಟು ವ್ಯವಧಾನ ಇರುವುದಿಲ್ಲ.

ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಹುಡುಕಿ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. "ಟೈರ್ ಹೊಸದು ಸಾರ್, ಮೊನ್ನೆ ಹಾಕ್ಸಿದ್ದು" ಅನ್ನುವವರ ಎದುರೇ ಬಗ್ಗಿ ಜೋರಾಗಿ ಓದಿ, ಚೌಕಾಸಿ ಅರ್ಧ ಮುಗಿದ ಹಾಗೆ. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ನೋಡಿ. ಕೊನೆಯಲ್ಲಿ ಕೆಸರಿನ ಕಲೆ ಇದ್ದರೆ ಕಾರು ಬೆಂಗಳೂರಿನ ಯಾವುದೋ ಬೇಸ್‌ಮೆಂಟಿನಲ್ಲಿ ಈಜು ಕಲಿತಿರಬಹುದು.

ದಯವಿಟ್ಟು ಭಾವಮೈದುನನನ್ನು ಕರೆದೊಯ್ಯಬೇಡಿ. ಆತ ಬಾನೆಟ್ ಎತ್ತಿಸಿ, ಸೊಂಟದ ಮೇಲೆ ಕೈಯಿಟ್ಟು "ಹ್ಞೂಂ" ಅನ್ನುತ್ತಾನೆ. ಆಮೇಲೆ ಸ್ಟೀರಿಯೋ ಹಾಕಿ ನೋಡಿ "ತಗೋಬಹುದು ಭಾವ" ಅನ್ನುತ್ತಾನೆ. ಮೆಕ್ಯಾನಿಕ್‌ಗೆ ದುಡ್ಡು ಕೊಟ್ಟೇ ಕರೆದೊಯ್ಯಿರಿ. ಬೆಳಿಗ್ಗೆಯೇ ಹೋಗಿ, ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ಬಿಸಿ ಎಂಜಿನ್ ತನ್ನ ಕಾಯಿಲೆ ಮುಚ್ಚಿಡುತ್ತದೆ.

ಆರ್‌ಸಿಯಲ್ಲಿ ಇನ್ನೂ ಬ್ಯಾಂಕಿನ ಹೆಸರು ಕೂತಿದ್ದರೆ, ಎನ್‌ಒಸಿ ಮತ್ತು ಫಾರಂ 35 ಕಣ್ಣಾರೆ ನೋಡುವ ತನಕ ಅಡ್ವಾನ್ಸ್ ಬೇಡ. ಇನ್ಶೂರೆನ್ಸನ್ನೂ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ನೋ ಕ್ಲೇಮ್ ಬೋನಸ್ ಮಾತ್ರ ಕಾರಿನ ಜೊತೆ ಬರುವುದಿಲ್ಲ, ಅದು ಮಾರಿದವರದ್ದೇ.