ರೇಂಜ್‌ಫೈಂಡರ್ ರಾಯರು

ಭಾನುವಾರ ಬೆಳಿಗ್ಗೆ ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿಗೆ ಹೋಗಿ ನೋಡಿ. ಹಳೇ ಮಿಕ್ಸಿ, ನಿಂತ ಗಡಿಯಾರಗಳ ನಡುವೆ ಕುಕ್ಕರುಗಾಲಲ್ಲಿ ಕೂತು, ಒಂದು ಲೆನ್ಸನ್ನು ಆಕಾಶಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿಕೊಂಡಿರುವವರು ಯಾರಾದರೂ ಕಂಡರೆ ಅವರೇ ನಮ್ಮ ರಾಯರು. ಕೆಲಸ ಸಾಫ್ಟ್‌ವೇರು, ವಯಸ್ಸು ನಲವತ್ತರ ಆಚೆ, ಕೊರಳಲ್ಲಿ ಸವೆದ ಚರ್ಮದ ಪಟ್ಟಿ. ಒಂದು ಕಾಲಕ್ಕೆ ಮನೆಮನೆಯಲ್ಲಿದ್ದ ಅಗ್ಫಾ ಕ್ಲಿಕ್ ತ್ರೀಯನ್ನು ವ್ಯಾಪಾರಿ ಚಾಚಿದರೆ, ಸಾಲ ಕೇಳಲು ಬಂದ ನೆಂಟನನ್ನು ಕಂಡಂತೆ ಮುಖ ತಿರುಗಿಸುತ್ತಾರೆ. ಅವರಿಗೆ ಬೇಕಾದದ್ದು ರೇಂಜ್‌ಫೈಂಡರ್.

ಹಾಗೆಂದರೇನು ಎಂದು ಅವರನ್ನು ಕೇಳುವ ತಪ್ಪನ್ನು ಯಾರೂ ಎರಡನೇ ಸಲ ಮಾಡುವುದಿಲ್ಲ. ಈ ಕ್ಯಾಮೆರಾದಲ್ಲಿ ನೋಡುವುದು ಲೆನ್ಸಿನ ಮೂಲಕವಲ್ಲ, ಮೇಲಿನ ಪುಟ್ಟ ಕಿಟಕಿಯ ಮೂಲಕ. ನಡುವೆ ಮಸುಕಾದೊಂದು ಮಚ್ಚೆ. ಅದರೊಳಗೆ ಎದುರಿನವರು ಎರಡೆರಡಾಗಿ ಕಾಣುತ್ತಾರೆ. ಲೆನ್ಸಿನ ಉಂಗುರ ತಿರುಗಿಸುತ್ತ ಹೋಗಬೇಕು. ಎರಡು ಒಂದಾದರೆ ಫೋಕಸ್ ಸರಿಯಾಯಿತು.

ಗಾಂಧಿ ಬಜಾರಿನ ವಿದ್ಯಾರ್ಥಿ ಭವನದಲ್ಲಿ ಕೈಯುದ್ದಕ್ಕೂ ದೋಸೆ ತಟ್ಟೆ ಪೇರಿಸಿಕೊಂಡು ಬರುವ ಸಪ್ಲೈಯರ್ ರಾಯರ ಬಹುದಿನದ ಗುರಿ. ಚೀಲದಿಂದ ಜೋರ್ಕಿ-4 ರೇಂಜ್‌ಫೈಂಡರ್ ಹೊರಬರುತ್ತದೆ. ಅದರಲ್ಲಿ ಬೆಳಕಿನ ಮೀಟರ್ ಇಲ್ಲ. ರಾಯರು ಅಂಗೈ ಚಾಚಿ, ಅದರ ಮೇಲೆ ಬಿದ್ದ ಬೆಳಕು ನೋಡಿ ಲೆಕ್ಕ ಹಾಕುತ್ತಾರೆ. ಪಕ್ಕದ ಮೇಜಿನವರು ಹಸ್ತಸಾಮುದ್ರಿಕ ಎಂದುಕೊಳ್ಳುತ್ತಾರೆ. ಮೊದಲು ಫಿಲ್ಮ್ ಸುತ್ತಬೇಕು, ಆಮೇಲಷ್ಟೇ ಷಟರಿನ ವೇಗ ಬದಲಿಸಬೇಕು. ಹಿಂದುಮುಂದಾದರೆ ಯಂತ್ರ ಕೆಡುತ್ತದೆ. ಅಷ್ಟೂ ಮುಗಿಸಿ ಕಣ್ಣಿಟ್ಟರೆ ಇಬ್ಬರು ಸಪ್ಲೈಯರ್‌ಗಳು, ಎರಡು ದೋಸೆಗೋಪುರ. ಇಬ್ಬರು ಒಬ್ಬರಾಗುವಷ್ಟರಲ್ಲಿ ಆ ಒಬ್ಬರೂ ಒಳಗೆ ಹೋಗಿಯಾಯಿತು.

"ರೀ, ದೋಸೆ ಆರ್ತಾ ಇದೆ."

"ಒಂದೇ ನಿಮಿಷ ಕಣೇ, ಇನ್ನೊಂದು ಸಲ ಬರ್ತಾರೆ."

ಮಗಳು ಅಷ್ಟರಲ್ಲಿ ಫೋನಿನಲ್ಲಿ ಹನ್ನೆರಡು ಚಿತ್ರ ತೆಗೆದು ಅಜ್ಜಿಗೆ ಕಳಿಸಿರುತ್ತಾಳೆ. ಅಜ್ಜಿಯ ಉತ್ತರವೂ ಬಂದಿರುತ್ತದೆ. ಫ್ರಾನ್ಸಿನ ಛಾಯಾಗ್ರಾಹಕ ಕಾರ್ಟಿಯೇ-ಬ್ರೆಸ್ಸೋ ಯಾರ ಕಣ್ಣಿಗೂ ಬೀಳದಿರಲೆಂದು ತಮ್ಮ ಲೈಕಾ ಕ್ಯಾಮೆರಾದ ಹೊಳೆಯುವ ಭಾಗಗಳ ಮೇಲೆ ಕಪ್ಪು ಟೇಪು ಅಂಟಿಸುತ್ತಿದ್ದರಂತೆ. ಓದಿದ ದಿನವೇ ರಾಯರೂ ಅಂಟಿಸಿದರು. ಈಗ ಹೋಟೆಲಿನವರೆಲ್ಲ ಅವರನ್ನು "ಟೇಪಿನ ಕ್ಯಾಮೆರಾದವರು" ಎಂದೇ ಗುರುತಿಸುತ್ತಾರೆ.

ಮನೆಗೆ ಬಂದವರ ಮುಂದೆ ಲೆನ್ಸುಗಳ ಗೋತ್ರ-ಪ್ರವರ ಶುರು. "ಈ ಜ್ಯುಪಿಟರ್-8 ರಷ್ಯಾದ್ದು ಅಂತ ತಾತ್ಸಾರ ಮಾಡ್ಬೇಡಿ, ಗೋತ್ರ ಜರ್ಮನಿಯದು." 1932ರಲ್ಲಿ ಜೈಸ್ ಐಕಾನ್ ಕಂಪನಿ ಕಾಂಟ್ಯಾಕ್ಸ್ ಕ್ಯಾಮೆರಾ ತಂದಿತು, ಅದಕ್ಕೆ ಲುಡ್ವಿಗ್ ಬರ್ಟೆಲೆ ರೂಪಿಸಿದ್ದು ಸೊನ್ನಾರ್ ಲೆನ್ಸು. ಜರ್ಮನಿ ಯುದ್ಧದಲ್ಲಿ ಸೋತ ಮೇಲೆ ಯಂತ್ರ, ನಕ್ಷೆಗಳೆಲ್ಲ ಸೋವಿಯತ್ ಪಾಲಾದವು. ಕಾಂಟ್ಯಾಕ್ಸ್ ಕೀವ್ ನಗರದಲ್ಲಿ ಕೀವ್ ಆಯಿತು, ಸೊನ್ನಾರ್ ಜ್ಯುಪಿಟರ್ ಆಯಿತು. ಅಸಲಿ ಸೊನ್ನಾರ್ ಕೂಡ ರಾಯರ ಬಳಿ ಒಂದಿದೆ. ಅದರ ಬೆಲೆಯನ್ನು ಮನೆಯಲ್ಲಿ ಹೇಳುವಾಗ ಒಂದು ಸೊನ್ನೆ ನುಂಗಿಕೊಂಡಿದ್ದಾರೆ.

ರಾಯರ ಎದೆಯಲ್ಲಿ ಉಳಿದಿರುವ ಮುಳ್ಳು ಒಂದೇ: ಚಿನ್ನದ ಬಣ್ಣದ ಲೈಕಾ. ಮೇಲೆ ಜರ್ಮನ್ ಸೇನೆಯ ಮುದ್ರೆಯೂ ಇತ್ತು. ಕೊಂಡು ತಂದ ಸಂಜೆ ಗೆಳೆಯರೊಬ್ಬರು ಲೆನ್ಸು ಬಿಚ್ಚಿ ಒಳಗೆ ಇಣುಕಿದರು. ಕ್ಯಾಮೆರಾದ ಬಾಯೊಳಗೆ ಲೆನ್ಸಿನ ಹಿಂಬದಿಗೆ ತಾಗುವ ಪುಟ್ಟ ಸನ್ನೆಕೋಲೊಂದಿರುತ್ತದೆ. ಅಸಲಿ ಲೈಕಾದಲ್ಲಿ ಅದರ ತುದಿಗೆ ದುಂಡನೆಯ ಉರುಳೆ, ಸೋವಿಯತ್ ನಕಲಿನಲ್ಲಿ ಬೆಣೆಯಾಕಾರದ ತುಂಡು. ಕಂಡದ್ದು ಬೆಣೆ. ಚಿನ್ನದ ಲೇಪದಡಿ ಇದ್ದದ್ದು ಬಡಪಾಯಿ ಜೋರ್ಕಿ. ಜೋರ್ಕಿಯೋ, ಹಾರ್ಕೀವ್‌ನ ಅನಾಥ ಮಕ್ಕಳ ಕಮ್ಯೂನಿನಲ್ಲಿ 1934ರಿಂದ ತಯಾರಾದ ಫೆಡ್ ಕ್ಯಾಮೆರಾದ ತಮ್ಮ. ಫೆಡ್ಡೋ, ಲೈಕಾದ ನಕಲು. ಮೂರು ದಿನ ರಾಯರು ಊಟ ಬಿಟ್ಟರು. ನಾಲ್ಕನೇ ದಿನದಿಂದ ಅದನ್ನೇ ಎಲ್ಲರಿಗೂ ಮೊದಲು ತೋರಿಸುತ್ತಿದ್ದಾರೆ: "ಖೊಟ್ಟಿ ಲೈಕಾಗೂ ಕಲೆಕ್ಟರ್‌ಗಳು ಇದ್ದಾರೆ, ಗೊತ್ತಾ?"

ಮಳೆಗಾಲ ಬಂತೆಂದರೆ ಮನೆಯಲ್ಲಿ ಡಬ್ಬಿ ಯುದ್ಧ. ತೇವ ತಾಗಿದರೆ ಲೆನ್ಸಿನೊಳಗೆ ಬೂಷ್ಟು ಜೇಡರಬಲೆಯಂತೆ ಎಳೆ ಬಿಟ್ಟು ಗಾಜಿನ ಲೇಪವನ್ನೇ ತಿನ್ನುತ್ತದೆ. ಹಪ್ಪಳ ಗರಿಗರಿಯಾಗಿ ಉಳಿಯುವ ಡಬ್ಬಿಯಲ್ಲಿ ಲೆನ್ಸೂ ಉಳಿಯುತ್ತದೆ ಎಂಬುದು ರಾಯರ ಸಂಶೋಧನೆ. ಹಪ್ಪಳ ಕರಿಯಲು ಹೋದವರ ಕೈಗೆ ಸಿಲಿಕಾ ಜೆಲ್ ಪೊಟ್ಟಣಗಳ ನಡುವೆ ಜ್ಯುಪಿಟರ್ ಸಿಗುತ್ತದೆ.

ಹೋದ ತಿಂಗಳು ಮೊಮ್ಮಗುವಿನ ನಾಮಕರಣಕ್ಕೆ ಅಕ್ಕ ಫೋಟೋಗ್ರಾಫರನ್ನು ಗೊತ್ತು ಮಾಡಲಿಲ್ಲ, ತಮ್ಮ ಇದ್ದಾನಲ್ಲ. ರಾಯರು 36 ಚಿತ್ರದ ರೋಲು ಹಾಕಿ, ಪ್ರತಿ ಮುಖವನ್ನೂ ಎರಡರಿಂದ ಒಂದು ಮಾಡಿ, ಬೆವರಿಳಿಸಿ ತೆಗೆದರು. ತೊಳೆದು ಬಂದ ನೆಗೆಟಿವ್‌ನಲ್ಲಿ ಮಗುವೂ ಇಲ್ಲ, ತೊಟ್ಟಿಲೂ ಇಲ್ಲ. ನೋಡುವ ಕಿಟಕಿ ಬೇರೆ, ಲೆನ್ಸು ಬೇರೆ ಆದ್ದರಿಂದ ಲೆನ್ಸಿನ ಮುಚ್ಚಳ ತೆಗೆಯದಿದ್ದರೂ ಈ ಕ್ಯಾಮೆರಾದಲ್ಲಿ ಜಗತ್ತು ಸೊಗಸಾಗಿಯೇ ಕಾಣುತ್ತದೆ. ಅಕ್ಕ ಇನ್ನೂ ಮಾತು ಬಿಟ್ಟಿದ್ದಾರೆ.

ನಿಮ್ಮ ಮನೆಯ ಅಟ್ಟದಲ್ಲೂ ತಾತನ ಕಾಲದ ಕ್ಯಾಮೆರಾ ಇದ್ದರೆ ಮೊದಲು ಚರ್ಮದ ಚೀಲದಿಂದ ಹೊರಗೆ ತೆಗೆಯಿರಿ. ಆ ಚರ್ಮ ತೇವ ಹಿಡಿದಿಡುತ್ತದೆ. ಟಾರ್ಚ್ ಬಿಟ್ಟು ಗಾಜು ಪರೀಕ್ಷಿಸಿ, ಗಾಳಿಯಾಡುವಲ್ಲಿ ಇಡಿ. ರಾಯರ ಕಿವಿಗೆ ಮಾತ್ರ ಹಾಕಬೇಡಿ. ಹಾಕಿದರೆ ಕಾಫಿಗೆ ಬರುತ್ತಾರೆ, ಪ್ರವರ ಮುಗಿಯುವಷ್ಟರಲ್ಲಿ ಆ ಕಾಫಿಯನ್ನು ಮೂರು ಸಲ ಬಿಸಿ ಮಾಡಬೇಕಾಗುತ್ತದೆ.